ಮಾಲೆ ಹಾಕುವ ಮೊದಲು ಆಸ್ಪತ್ರೆಗೆ ಬನ್ನಿ

ಪ್ರಶ್ನೆ: ನನ್ನ ಗಂಡ ಹನ್ನೆರಡು ವರ್ಷದಿಂದ ದಿನಾ ಎರಡು ಕ್ವಾರ್ಟರ್ ಕುಡಿಯುತ್ತಾರೆ. ಹೋದ ವರ್ಷ ಅಯ್ಯಪ್ಪ ಮಾಲೆ ಹಾಕಿ ಒಂದೇ ಸಲ ಬಿಟ್ಟರು. ಮೂರನೇ ದಿನ ಮೈಯೆಲ್ಲ ನಡುಗಿ, ಗೋಡೆ ತುಂಬಾ ಇರುವೆ ಅಂತ ಕಿರುಚಿದರು. ಸ್ವಾಮಿಗೆ ಸಿಟ್ಟು ಬಂದಿದೆ ಅಂತ ಅತ್ತೆ ತಾಯಿತ ಕಟ್ಟಿಸಿದರು. ಈ ವರ್ಷವೂ ಮಾಲೆ ಹಾಕುತ್ತಾರಂತೆ. ಏನು ಮಾಡಲಿ?
– ಓದುಗರು, ಶಿಡ್ಲಘಟ್ಟ

ತಾಯಿ, ನವೆಂಬರ್ ಬಂತೆಂದರೆ ನನಗೆ ಇದೇ ಪ್ರಶ್ನೆ. ಪ್ರತಿ ವರ್ಷ ಹೇಳುತ್ತೇನೆ. ಪ್ರತಿ ವರ್ಷ ತಾಯಿತ ಕಟ್ಟಿಸಿಕೊಂಡ ಮೇಲೆಯೇ ಬರುತ್ತಾರೆ. ಸ್ವಾಮಿಗೆ ಯಾವ ಸಿಟ್ಟೂ ಬಂದಿಲ್ಲ.

ಹಗ್ಗ ಜಗ್ಗುವಾಗ ಎದುರಿನವರು ತಟ್ಟನೆ ಕೈಬಿಟ್ಟರೆ ನಾವು ಹಿಂದಕ್ಕೆ ಬೀಳುತ್ತೇವೆ ಅಲ್ವಾ? ಮದ್ಯ ಮಿದುಳನ್ನು ಮಂಕಿನ ಕಡೆ ಎಳೆಯುತ್ತದೆ. ಮಿದುಳು ವರ್ಷಗಟ್ಟಲೆ ಇತ್ತ ಎಳೆಯುತ್ತಿರುತ್ತದೆ. ಮದ್ಯ ತಪ್ಪಿದ ದಿನ ಮುಗ್ಗರಿಸುತ್ತದೆ. ಕೊನೆಯ ಗುಟುಕಾದ 6–12 ಗಂಟೆಗೆ ನಡುಕ, ಬೆವರು. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ, ಮೂರನೇ ದಿನಕ್ಕೆ ಇಲ್ಲದ್ದು ಕಾಣುತ್ತದೆ, ಹಗಲು ರಾತ್ರಿ ತಿಳಿಯುವುದಿಲ್ಲ. ಇದಕ್ಕೆ ಡೆಲಿರಿಯಮ್ ಟ್ರೆಮೆನ್ಸ್ ಅನ್ನುತ್ತೇವೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು.

ನಿಮ್ಮ ಕಡೆಯ ರೀಲರ್ (ಬಿಸಿನೀರಿನಲ್ಲಿರುವ ಗೂಡಿನಿಂದ ರೇಷ್ಮೆ ನೂಲು ತೆಗೆಯುವವರು) ಒಬ್ಬರು ವಾರ್ಡಿನ ಮಂಚದ ಮೇಲೆ ಕೂತು ರಾತ್ರಿಯಿಡೀ ಗಾಳಿಯಲ್ಲಿ ರೇಷ್ಮೆ ಗೂಡಿನ ಎಳೆ ಹುಡುಕಿ ಎತ್ತುತ್ತಿದ್ದರು. ಬಿಸಿನೀರು ತಾಗಿದ ಹಾಗೆ ನಡುನಡುವೆ ಬೆರಳು ಒದರುತ್ತಿದ್ದರು. ಮನೆಯವರು ಅದಕ್ಕೂ ಮೊದಲು ಎರಡು ದಿನ ಮಂತ್ರ ಹಾಕಿಸಿ ಕಳೆದಿದ್ದರು. ಆ ಎರಡು ದಿನ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ಕೆಲವರು ಸುಸ್ತು ಅಂತ ಸುಮ್ನೆ ಒಂದು ಗ್ಲೂಕೋಸ್ ಬಾಟಲಿ ಹಾಕಿಸುತ್ತಾರೆ. ಜಾಸ್ತಿ ಕುಡಿಯುವವರ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಾಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಿ ನೆನಪೇ ಕೆಡಬಹುದು. ಥಯಾಮಿನ್ ಇಂಜೆಕ್ಷನ್ ಮೊದಲು ಕೊಡಬೇಕು.

ನಿಮ್ಮವರು ಖಂಡಿತ ಮಾಲೆ ಹಾಕಲಿ. ಆ ಛಲ ನನಗೂ ಬೇಕು, ಅದರಿಂದಲೇ ಅರ್ಧ ಕೆಲಸ ಆಗುತ್ತದೆ. ಆದರೆ ಒಂದು ಸಲ ಹೀಗಾದವರಿಗೆ ಮತ್ತೆ ಆಗುವ ಭಯ ಜಾಸ್ತಿ. ಮನೆಯಲ್ಲಿ ದಿಢೀರನೆ ಬಿಡಿಸಬೇಡಿ. ಹದಿನೈದು ದಿನ ಮೊದಲೇ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಇರುವೆ ಕಂಡಿದ್ದನ್ನು ಮುಚ್ಚಿಡದೆ ಹೇಳಿ. ಅಡ್ಮಿಟ್ ಮಾಡಿಕೊಂಡು, ಮಾತ್ರೆ ಕೊಟ್ಟು, ಅದನ್ನು ದಿನದಿನಕ್ಕೆ ಇಳಿಸುತ್ತಾ ಬರುತ್ತಾರೆ. ಮೈ ಹತೋಟಿಗೆ ಬಂದ ಮೇಲೆ ಮಾಲೆ. ಎದುರು ಕೂತು ಹೇಳಲು ನಾಚಿಕೆಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಗೊತ್ತಾಗದ ಹಾಗೆ ಸಾರಿಗೆ ಹಾಕುವ ‘ಕುಡಿತ ಬಿಡಿಸುವ ಪುಡಿ’ ತರಿಸಲೇ?
– ಗೌರಿಬಿದನೂರು

ಬೇಡವೇ ಬೇಡ. ಅದರಲ್ಲಿ ಡೈಸಲ್ಫಿರಾಂ (ಮದ್ಯ ಮೈಗೆ ಒಗ್ಗದಂತೆ ಮಾಡುವ ಔಷಧಿ) ಇದ್ದು, ಅವರು ತಿಳಿಯದೆ ಕುಡಿದರೆ ವಾಂತಿಯಾಗಿ, ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಏನೂ ಇಲ್ಲದಿದ್ದರೆ ದುಡ್ಡು ದಂಡ.

ಪ್ರಶ್ನೆ: ನಾನು ಬರೀ ಬಿಯರ್ ಕುಡಿಯೋದು, ತೊಂದರೆ ಇಲ್ಲ ತಾನೆ?
– ಚಿಂತಾಮಣಿ

8 ಪರ್ಸೆಂಟಿನ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿಯಲ್ಲಿ 30 ಎಂಎಲ್‌ನ ನಾಲ್ಕು ವಿಸ್ಕಿಯಷ್ಟು ಮದ್ಯ ಇದೆ.

ಪ್ರಶ್ನೆ: ದಿನಾ ಒಂದು ಪೆಗ್ ಹೃದಯಕ್ಕೆ ಒಳ್ಳೆಯದಂತೆ?
– ಬಾಗೇಪಲ್ಲಿ

ಅಲ್ಲ. ಕಾಯಿಲೆ ಬಂದು ಕುಡಿತ ಬಿಟ್ಟವರನ್ನೂ ‘ಕುಡಿಯದವರ’ ಲೆಕ್ಕಕ್ಕೆ ಸೇರಿಸಿದ್ದ ಹಳೆಯ ಅಧ್ಯಯನಗಳಿಂದ ಹಬ್ಬಿದ ಮಾತದು.