ಪಿಟ್ಸ್‌ಬರ್ಗ್‌ನ ಸರಾಸರಿ 2.33 ಅಲ್ಲ, 2.17: ಏಕೆ?

ಅಮೆರಿಕದ ಪಿಟ್ಸ್‌ಬರ್ಗ್ ನಗರದ 2000ರ ಜನಗಣತಿಯಲ್ಲಿ ಕಂಡ 3,34,563 ಜನರನ್ನು 1,43,739 ಮನೆಗಳಿಂದ ಭಾಗಿಸಿದರೆ 2.33 ಬರುತ್ತದೆ, ಗಣತಿಯ ಪಟ್ಟಿಯಲ್ಲಿ ಮಾತ್ರ ಮನೆಯೊಂದಕ್ಕೆ ಸರಾಸರಿ 2.17 ಜನ ಎಂದಿದೆ, ಇದು ಮುದ್ರಣದೋಷವೇ ಎಂದು ಕೇಳಿದ್ದೀರಿ. ದೋಷವಲ್ಲ. ವಿದ್ಯಾರ್ಥಿನಿಲಯ, ವೃದ್ಧರ ಆರೈಕೆ ಕೇಂದ್ರ, ಸೆರೆಮನೆ ಮುಂತಾದ ಕಡೆ ವಾಸಿಸುವವರನ್ನು ಅಲ್ಲಿನ ಗಣತಿಯವರು ಒಟ್ಟು ಜನಸಂಖ್ಯೆಗೆ ಸೇರಿಸುತ್ತಾರೆಯೇ ಹೊರತು ಯಾವ ಮನೆಯ ಲೆಕ್ಕಕ್ಕೂ ಸೇರಿಸುವುದಿಲ್ಲ. ಮನೆಗಳ ಸಂಖ್ಯೆಯನ್ನು 2.17ರಿಂದ ಗುಣಿಸಿ ಒಟ್ಟು ಜನಸಂಖ್ಯೆಯಿಂದ ಕಳೆದು ನೋಡಿ, ಸುಮಾರು 22,600 ಜನ ಉಳಿಯುತ್ತಾರೆ. ಪಿಟ್ಸ್‌ಬರ್ಗ್ ಹಾಗೂ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಗಳು ಅಕ್ಕಪಕ್ಕದಲ್ಲೇ ಇರುವ ಊರಿಗೆ ಇದು ಹೆಚ್ಚೇನಲ್ಲ.

ಇನ್ನೊಂದು ಗೊಂದಲ ‘ಮನೆ’ (household), ‘ಕುಟುಂಬ’ (family) ಎಂಬ ಪದಗಳ ನಮ್ಮ ಭಾಷಾಂತರದ್ದು. ನಮ್ಮ ಗಣತಿಯಲ್ಲಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರೆಲ್ಲ ಒಂದು ಕುಟುಂಬ. ಅಮೆರಿಕದಲ್ಲಿ ಒಂದೇ ಸೂರಿನಡಿ ಇರುವವರು ಒಂದು ಮನೆ, ಅವರಲ್ಲಿ ಮನೆಯ ಯಜಮಾನರಿಗೆ ರಕ್ತದಿಂದಲೋ ಮದುವೆಯಿಂದಲೋ ದತ್ತಕದಿಂದಲೋ ಸಂಬಂಧಿಸಿದವರಿದ್ದರೆ ಮಾತ್ರ ಅದು ಕುಟುಂಬ. ಹಾಗಾಗಿ ಆ ಮನೆಗಳಲ್ಲಿ ಕುಟುಂಬಗಳು ಕೇವಲ 74,169. ಉಳಿದವುಗಳಲ್ಲಿ ಬಹುಪಾಲು ಒಂಟಿಯಾಗಿ ಬದುಕುವವರದು. 1950ರಲ್ಲಿ 6,76,806 ಇದ್ದ ಜನಸಂಖ್ಯೆ 2020ಕ್ಕೆ 3,02,971ಕ್ಕೆ ಇಳಿದರೂ ಮನೆಗಳು ಅದೇ ಪ್ರಮಾಣದಲ್ಲಿ ಕಡಿಮೆಯಾಗದಿರುವುದಕ್ಕೆ ಕಾರಣವೂ ಇದೇ.