ಬೇಲ್ ಬರಲಿ ಅಂತ ಲಸಿಕೆ ಮುಂದಕ್ಕೆ ಹಾಕಬೇಡಿ

ಜೈಲಿನಲ್ಲಿರುವ ತಮ್ಮನಿಗೆ ಅಲ್ಲೇ ಕೊರೊನಾ ಲಸಿಕೆ ಹಾಕಿಸಬೇಕಾ, ಇಲ್ಲ ಮುಂದಿನ ವಾರ ಬೇಲ್ ಆದ ಮೇಲೆ ಹೊರಗೆ ಒಳ್ಳೆ ಆಸ್ಪತ್ರೆಯಲ್ಲಿ ಹಾಕಿಸಬೇಕಾ ಅಂತ ಕೇಳಿದ್ದೀರಿ. ಅವನ ಹತ್ತಿರ ಆಧಾರ್ ಕೂಡ ಇಲ್ಲ ಅಂದಿದ್ದೀರಿ. ಒಳಗೇ ಹಾಕಿಸಿ. ನಾಳೆ ಬಿಡುಗಡೆ ಅಂತಿದ್ದರೂ ಇವತ್ತೇ ಹಾಕಿಸಿ.

2021ರ ಏಪ್ರಿಲ್‌ನಲ್ಲಿ ನನ್ನ ಅಣ್ಣ ಜೈಲಿನ ಫೋನಿನಿಂದ ಇದನ್ನೇ ಕೇಳಿದ್ದ. ತೋಟದ ಗಡಿ ವಿಷಯಕ್ಕೆ ಪಕ್ಕದವರ ಜೊತೆ ಹೊಡೆದಾಟ ಆಗಿ ಅವನು ಒಳಗೆ ಹೋಗಿದ್ದ. ಐವತ್ತು ದಾಟಿದ ವಯಸ್ಸು, ಮೇಲೆ ಶುಗರ್. ಆ ತಿಂಗಳ 1ನೇ ತಾರೀಕಿನಿಂದ 45 ದಾಟಿದ ಎಲ್ಲರಿಗೂ ಲಸಿಕೆ ಕೊಡುವುದು ಶುರುವಾಗಿತ್ತು. ಕೊರೊನಾ ಬಂದಾಗಿನಿಂದ ಮುಲಾಖಾತ್, ಅಂದರೆ ಮನೆಯವರ ಭೇಟಿ, ನಿಂತುಹೋಗಿತ್ತು. ವಾರಕ್ಕೊಮ್ಮೆ ಬರುವ ಫೋನೇ ಗತಿ. ಅಣ್ಣ ಅವಸರದಲ್ಲಿ ಹೇಳಿದ, "ಸೂಜಿ ಹಾಕ್ತಾರಂತೆ ಕಣೇ, ಹೆಸರು ಬರ್ಕೊಳ್ತಾ ಇದಾರೆ. ಬರೆಸ್ಲಾ?" ಹಿಂದೆ ಯಾರೋ ಬೇಗ ಮುಗಿಸು ಅನ್ನುತ್ತಿದ್ದರು.

ನಾನು ಬೇಡ ಅಂದೆ. "ಬೇಲ್ ಇನ್ನೇನು ಆಯ್ತು. ಹೊರಗೆ ಬಾ, ಇಲ್ಲೇ ಹಾಕಿಸೋಣ" ಅಂದೆ.

ಯಾಕೆ ಹಾಗೆ ಅಂದೆ ಅಂತ ಪೂರ್ತಿ ಹೇಳುತ್ತೇನೆ. ನಿಮ್ಮ ತಲೆಯಲ್ಲೂ ಈಗ ಇವೇ ಲೆಕ್ಕ ಓಡುತ್ತಿವೆ ಅಂತ ನಿಮ್ಮ ಪ್ರಶ್ನೆ ಓದಿದರೇ ಗೊತ್ತಾಗುತ್ತದೆ.

ಒಂದು, ಲಸಿಕೆ ಹಾಕಿಸಿದ ರಾತ್ರಿ ಜ್ವರ ಬರುತ್ತದೆ, ಅಲ್ಲಿ ಒಂದು ಲೋಟ ನೀರು ಕೊಡುವವರೂ ಇರುವುದಿಲ್ಲ ಅನ್ನೋ ಭಯ. ಇನ್ನೊಂದು, ಕೈದಿಗಳಿಗೆ ಉಳಿದದ್ದು, ಹಳೆಯದ್ದು ಕೊಡುತ್ತಾರೆ ಅಂತ ನಮ್ಮ ಬೀದಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಇದು ಸುಳ್ಳು. ಜಿಲ್ಲೆಯ ಲಸಿಕೆ ಉಗ್ರಾಣದಿಂದ ನಿಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವ ಬಾಟಲಿಯೇ ಜೈಲಿಗೂ ಹೋಗುವುದು. ಶುಗರ್ ಇರುವವರಿಗೆ ಆಗಿಬರುವುದಿಲ್ಲ ಅಂತಲೂ ಯಾರೋ ಅಂದಿದ್ದರು. ನಿಜ ನೋಡಿದರೆ ತದ್ವಿರುದ್ಧ. ಆ ವರ್ಷ ಮಾರ್ಚ್‌ನಲ್ಲಿ ಸರ್ಕಾರ 45ರಿಂದ 59ರವರಲ್ಲಿ ಮೊದಲು ಕರೆದದ್ದೇ ಬೇರೆ ಕಾಯಿಲೆ ಇರುವವರನ್ನು.

ಆದರೆ ಇವೆಲ್ಲಕ್ಕಿಂತ ದೊಡ್ಡ ತಪ್ಪು ನಡೆದದ್ದು ದಿನದ ಲೆಕ್ಕದಲ್ಲಿ. ಜಡ್ಜ್ ಬೇಲ್ ಕೊಟ್ಟ ದಿನವೇ ಅಣ್ಣ ಮನೆಗೆ ಬರುತ್ತಾನೆ ಅಂತ ನಾನು ತಿಳಿದಿದ್ದೆ. ವಕೀಲರು "ಮುಂದಿನ ವಾರ ಬೇಲ್ ಆಗುತ್ತೆ" ಅಂದರೆ ಆರ್ಡರ್ ಆಗುತ್ತದೆ ಅಂತ ಮಾತ್ರ ಅರ್ಥ. ಆರ್ಡರ್ ಆದ ಮೇಲೆ ಅದರ ಪ್ರತಿ ಸಿಗಬೇಕು. ಶ್ಯೂರಿಟಿ, ಅಂದರೆ ಅವನು ಕರೆದಾಗ ಕೋರ್ಟಿಗೆ ಬರುತ್ತಾನೆ ಅನ್ನೋ ಹೊಣೆ, ಕೊಡುವವರು ಪಹಣಿ, ಆಧಾರ್, ಫೋಟೋ ಹಿಡಿದು ಖುದ್ದಾಗಿ ಕೋರ್ಟಿಗೆ ಬರಬೇಕು. ಅವರ ಕಾಗದ ಪರಿಶೀಲನೆ ಆಗಬೇಕು. ಆಮೇಲೆ ಬಿಡುಗಡೆ ಆದೇಶ ಜೈಲಿಗೆ ಮುಟ್ಟಬೇಕು, ಅದೂ ಸಂಜೆ ಲಾಕಪ್ ಹೊತ್ತಿನೊಳಗೆ. ತಪ್ಪಿದರೆ ಮಾರನೆಯ ದಿನ.

ನಮಗೆ ಯುಗಾದಿಗೆ ಮುಂಚೆಯೇ ಆರ್ಡರ್ ಆಯಿತು. ಎರಡು ಶ್ಯೂರಿಟಿ ಕೇಳಿದ್ದರು. ಸೋದರಮಾವ ಒಪ್ಪಿ, ಪಹಣಿ ತೆಗೆಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟುಕೊಂಡು ಕೂತಿದ್ದರು. ಬರೋದು ಹೇಗೆ? ಏಪ್ರಿಲ್ 7ರಿಂದ ಸಾರಿಗೆ ನೌಕರರ ಮುಷ್ಕರ. ನಮ್ಮ ಕಡೆ ಸರ್ಕಾರಿ ಬಸ್ ಬಿಟ್ಟರೆ ಬೇರೇನೂ ಇಲ್ಲ. ಅವರು ಹಾಲಿನ ಗಾಡಿ ಹತ್ತಿ ಅರ್ಧ ದಾರಿ ಬಂದು, ಅಲ್ಲಿಂದ ಯಾರದೋ ಬೈಕಿನಲ್ಲಿ ಕೋರ್ಟು ಮುಟ್ಟಿದರು. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು. ಸರಿಮಾಡಿಸಿಕೊಂಡು ಬನ್ನಿ ಅಂದರು. ಇನ್ನೊಬ್ಬರು ಶ್ಯೂರಿಟಿ ಮನೆಯಲ್ಲಿ ಯಾರಿಗೋ ಜ್ವರ ಅಂತ ಬರಲೇ ಇಲ್ಲ. 21ಕ್ಕೆ ಮುಷ್ಕರ ಮುಗಿಯಿತು ಅನ್ನುವಷ್ಟರಲ್ಲಿ ವೀಕೆಂಡ್ ಕರ್ಫ್ಯೂ ಬಂತು. 27ರ ರಾತ್ರಿಯಿಂದ ಇಡೀ ರಾಜ್ಯವೇ ಬಂದ್.

ಆರ್ಡರ್ ಕೈಯಲ್ಲಿತ್ತು, ಅಣ್ಣ ಒಳಗಿದ್ದ. ಅದೇ ಹೊತ್ತಿಗೆ ಅವನ ಬ್ಯಾರಕ್‌ನಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಕೆಮ್ಮು, ಜ್ವರ ಶುರುವಾಯಿತು.

ಇನ್ನೊಂದು ವಿಷಯ ಆಗ ನನಗೆ ಹೊಳೆಯಲೇ ಇಲ್ಲ. ಹೊರಗೆ ಇರುವವರು "ಇವತ್ತು ಬೇಡ" ಅಂದರೆ ನಾಳೆ ಹೋಗಿ ಸಾಲಿನಲ್ಲಿ ನಿಲ್ಲಬಹುದು. ಒಳಗೆ ಇರುವವನು ಬೇಡ ಅಂದರೆ ಪಟ್ಟಿಯಿಂದ ಹೆಸರು ಹೋಯಿತು. ತಂಡ ಮತ್ತೆ ಯಾವಾಗ ಬರುತ್ತದೋ ಅವನಿಗೆ ಗೊತ್ತಿರುವುದಿಲ್ಲ, ಕೇಳೋಣ ಅಂದರೆ ಯಾರನ್ನು ಕೇಳಬೇಕು ಅನ್ನೋದೂ ಗೊತ್ತಿರುವುದಿಲ್ಲ. ಮೇ ತಿಂಗಳಲ್ಲಂತೂ ಹೊರಗೆ ನಾವೇ ಬೆಳಗಿನ ಜಾವ ಆಸ್ಪತ್ರೆ ಮುಂದೆ ನಿಂತು ಲಸಿಕೆ ಖಾಲಿ ಅನ್ನಿಸಿಕೊಂಡು ವಾಪಸ್ ಬರುತ್ತಿದ್ದೆವು. ನಾನು ಅಣ್ಣನಿಗೆ ಹೇಳಿದ್ದು "ಆಮೇಲೆ ಹಾಕಿಸಿಕೋ" ಅಂತ. ಜೈಲಿನಲ್ಲಿ ಆಮೇಲೆ ಅನ್ನೋದು ಅವನ ಕೈಯಲ್ಲಿ ಇರಲಿಲ್ಲ, ನನ್ನ ಕೈಯಲ್ಲೂ ಇರಲಿಲ್ಲ.

ಅವನನ್ನು ಸರ್ಕಾರಿ ಆಸ್ಪತ್ರೆಗೆ ಸಾಗಿಸಿದ್ದು ನಮಗೆ ಗೊತ್ತಾಗಿದ್ದು ಬೇರೆ ಕೈದಿಯೊಬ್ಬನ ಹೆಂಡತಿಯಿಂದ. ವಾರ್ಡಿನ ಹತ್ತಿರಕ್ಕೂ ಬಿಡಲಿಲ್ಲ. ಕಾವಲಿಗಿದ್ದ ಪೇದೆಯೊಬ್ಬರು ಸಂಜೆ ತಮ್ಮ ಸ್ವಂತ ಫೋನಿನಿಂದ ವಿಡಿಯೋ ಕಾಲ್ ಮಾಡಿ, ದೂರದಿಂದ ಅಣ್ಣನ ಮುಖ ತೋರಿಸುತ್ತಿದ್ದರು. ಮೂಗು ಬಾಯಿ ಮುಚ್ಚಿದ ಆಕ್ಸಿಜನ್ ಮಾಸ್ಕ್, ಮಾತಾಡೋಕೆ ಆಗುತ್ತಿರಲಿಲ್ಲ. ಕೈ ಎತ್ತುತ್ತಿದ್ದ, ಅಷ್ಟೇ. ಆ ಪೇದೆಯ ಋಣ ನಾನು ತೀರಿಸೋಕಾಗಲ್ಲ. ಶ್ಯೂರಿಟಿ ಕಾಗದ ಎಲ್ಲ ಸರಿಯಾಗಿ ಬಿಡುಗಡೆ ಆದೇಶ ಬಂದಾಗ ಅಣ್ಣ ಆಸ್ಪತ್ರೆಯ ಹಾಸಿಗೆಯ ಮೇಲೆಯೇ ಇದ್ದ.

ಬದುಕಿದ. ಆದರೆ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿದೆ. ಮನೆಯಿಂದ ತೋಟಕ್ಕೆ ಹೋಗುವ ಏರಿನಲ್ಲಿ ಎರಡು ಕಡೆ ಕೂರಬೇಕು. ಒಂದು ಡೋಸ್ ಹಾಕಿಸಿದ್ದರೆ ಕಾಯಿಲೆ ಬರುತ್ತಲೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಒಂದೇ ಡೋಸಿಗೆ ಪೂರ್ತಿ ಬಲ ಬರುವುದಿಲ್ಲ, ಬರುವಷ್ಟಕ್ಕೂ ಎರಡು ಮೂರು ವಾರ ಬೇಕು. ಆದರೆ ಆ ಎರಡು ಮೂರು ವಾರ ನಮಗೆ ಇತ್ತು. ಅದನ್ನು ಸುಮ್ನೆ ಕಾಯುತ್ತಾ ಕಳೆದೆವು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬೇಲಾ ಲಸಿಕೆಯಾ ಅಂತ ತಕ್ಕಡಿಯಲ್ಲಿ ಇಟ್ಟು ತೂಗಿದ್ದೀರಲ್ಲ, ಅದನ್ನೇ ನಾನು ಒಪ್ಪುವುದಿಲ್ಲ. ಅವೆರಡಕ್ಕೂ ಸಂಬಂಧವೇ ಇಲ್ಲ. ಬೇಲ್ ಕೆಲಸ ವಕೀಲರದ್ದು, ಅದು ನಡೆಯುತ್ತಿರಲಿ. ಲಸಿಕೆ ನಿಮ್ಮ ತಮ್ಮ ತೋಳು ಮುಂದೆ ಚಾಚಿದರೆ ಆಗುವ ಕೆಲಸ. ಒಳಗೆ ಹಾಕಿಸಿಕೊಂಡರೆ ಬೇಲ್‌ಗೆ ತೊಂದರೆ ಆಗುತ್ತದಾ ಅಂತಲೂ ಕೇಳಿದ್ದೀರಿ. ಇಲ್ಲ. ಬೇಲ್ ಅರ್ಜಿಗೂ ಅದಕ್ಕೂ ಏನೂ ಸಂಬಂಧ ಇಲ್ಲ.

ನಮ್ಮ ಜೈಲುಗಳ ಸ್ಥಿತಿ ನೋಡಿ. 2020ರ ಕೊನೆಗೆ ದೇಶದ ಜೈಲುಗಳಲ್ಲಿ 4,88,511 ಜನ ಇದ್ದರು. ಜಾಗ ಇದ್ದದ್ದು ಸುಮಾರು 4,14,000 ಜನಕ್ಕೆ. ಇದ್ದವರಲ್ಲಿ 3,71,848 ಜನ ನಿಮ್ಮ ತಮ್ಮನ ಹಾಗೆ, ನನ್ನ ಅಣ್ಣನ ಹಾಗೆ ವಿಚಾರಣಾಧೀನರು. ನೂರಕ್ಕೆ 76 ಜನ. ಇವರ ಮೇಲೆ ತಪ್ಪು ಸಾಬೀತೇ ಆಗಿಲ್ಲ. ರಾತ್ರಿಯೆಲ್ಲ ಒಂದೇ ಕೋಣೆ, ಪಕ್ಕದವನ ಭುಜಕ್ಕೆ ಭುಜ ತಾಗಿಸಿ ಮಲಗಬೇಕು, ಎಲ್ಲರಿಗೂ ಒಂದೇ ಶೌಚಾಲಯ. ಅಂತರ ಕಾಪಾಡಿ ಅಂತ ಗೋಡೆಗೆ ಪೋಸ್ಟರ್ ಅಂಟಿಸಿದ್ದರಂತೆ. ಎಲ್ಲಿ ಕಾಪಾಡೋದು? ಮುಲಾಖಾತ್ ನಿಲ್ಲಿಸಿದರೂ ಸಿಬ್ಬಂದಿ ದಿನಾ ಮನೆಯಿಂದ ಬರುತ್ತಾರೆ, ಹೊಸಬರು ಬರುತ್ತಲೇ ಇರುತ್ತಾರೆ. ಅವರ ಮೇಲೆ ನನಗೆ ದೂರಿಲ್ಲ, ಅವರೂ ಅದೇ ಗಾಳಿ ಉಸಿರಾಡುವವರು. ಆದರೆ ಅಂಥ ಜಾಗದಲ್ಲಿ ಲಸಿಕೆ ಬಿಟ್ಟರೆ ಕೈದಿಯ ಕೈಯಲ್ಲಿ ಬೇರೆ ಏನಿದೆ?

ಕೊರೊನಾ ಅಂತ ಬೇಗ ಬಿಡುತ್ತಾರೆ ಅನ್ನೋ ಆಸೆಯೂ ನಿಮಗಿರಬಹುದು. ನಮಗೂ ಇತ್ತು. ಸುಪ್ರೀಂ ಕೋರ್ಟ್ 2020ರ ಮಾರ್ಚ್ 23ರಂದು ಪ್ರತಿ ರಾಜ್ಯದಲ್ಲೂ ಉನ್ನತಾಧಿಕಾರ ಸಮಿತಿ ಮಾಡಿ, ಯಾರನ್ನು ಪೆರೋಲ್ ಅಥವಾ ಮಧ್ಯಂತರ ಜಾಮೀನಿನ ಮೇಲೆ ಬಿಡಬಹುದು ನೋಡಿ ಅಂದಿತ್ತು. 7 ವರ್ಷದವರೆಗೆ ಶಿಕ್ಷೆ ಇರುವ ಕೇಸುಗಳನ್ನು ಉದಾಹರಣೆಗೆ ಹೇಳಿತ್ತು. 2021ರ ಮೇ ತಿಂಗಳಲ್ಲಿ, ಮೊದಲು ಬಿಟ್ಟವರನ್ನು ಮತ್ತೆ ಬಿಡಿ, ಕೈದಿಗಳಿಗೂ ಸಿಬ್ಬಂದಿಗೂ ಆಗಾಗ ಟೆಸ್ಟ್ ಮಾಡಿಸಿ ಅಂತಲೂ ಹೇಳಿತು. ಅಣ್ಣನ ಮೇಲೆ ಹಾಕಿದ್ದ ಸೆಕ್ಷನ್‌ಗೆ ಶಿಕ್ಷೆ ಅದಕ್ಕಿಂತ ಜಾಸ್ತಿ, ಹಾಗಾಗಿ ಅವನು ಆ ಪಟ್ಟಿಗೆ ಬರಲಿಲ್ಲ. ನಿಮ್ಮ ತಮ್ಮನ ಸೆಕ್ಷನ್ ಯಾವುದು ಅಂತ ವಕೀಲರನ್ನು ನೇರವಾಗಿ ಕೇಳಿ.

ಆರ್ಡರ್ ಆದರೂ ಬಿಡುಗಡೆ ತಡ ಆಗುವುದು ನಮ್ಮ ಒಬ್ಬರ ಪಾಡಲ್ಲ. ಆಗ್ರಾ ಜೈಲಿನ ಕೈದಿಗಳಿಗೆ ಸುಪ್ರೀಂ ಕೋರ್ಟೇ ಬೇಲ್ ಕೊಟ್ಟರೂ ಆದೇಶ ಅಂಚೆಯಲ್ಲಿ ಬರಲಿ ಅಂತ ಕಾಯಿಸಿದ್ದರು. 2021ರ ಜುಲೈನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರೇ, ಆದೇಶ ತರೋಕೆ ಇನ್ನೂ ಪಾರಿವಾಳದ ದಾರಿ ಕಾಯಬೇಕಾ ಅಂತ ಕೇಳಿದ್ದರು.

ಆಧಾರ್ ಇಲ್ಲ ಅನ್ನೋದಕ್ಕೆ ಹೆದರಬೇಡಿ. ಗುರುತಿನ ಚೀಟಿ ಇಲ್ಲದವರಿಗೂ ಲಸಿಕೆ ಹಾಕಬೇಕು ಅಂತ ಕೇಂದ್ರ ಆರೋಗ್ಯ ಸಚಿವಾಲಯ 2021ರ ಮೇ 6ರಂದೇ ನಿಯಮ ಹೊರಡಿಸಿತ್ತು. ಅದರಲ್ಲಿ ಜೈಲಿನಲ್ಲಿರುವವರ ಹೆಸರು ಸ್ಪಷ್ಟವಾಗಿಯೇ ಇತ್ತು, ಸಾಧುಗಳು, ಅಲೆಮಾರಿಗಳು, ವೃದ್ಧಾಶ್ರಮದವರ ಜೊತೆಗೆ. ಜವಾಬ್ದಾರಿ ಹೊತ್ತ ಒಬ್ಬರ ಮೂಲಕ ಇವರನ್ನೆಲ್ಲ ಸರ್ಕಾರದ ಲಸಿಕೆ ನೋಂದಣಿ ಜಾಲತಾಣ ಕೋವಿನ್‌ನಲ್ಲಿ ಸೇರಿಸುವ ವ್ಯವಸ್ಥೆ ಅದರಲ್ಲಿತ್ತು. ಹೀಗಾಗಿ ಮೆಸೇಜ್ ನಿಮ್ಮ ಫೋನಿಗೆ ಬರದೇ ಇರಬಹುದು. ಯಾವ ಲಸಿಕೆ, ಯಾವ ತಾರೀಕು ಅಂತ ತಮ್ಮನ ಬಾಯಿಂದ ಕೇಳಿ ಅವತ್ತೇ ಬರೆದಿಟ್ಟುಕೊಳ್ಳಿ. ಹೊರಗೆ ಬರುವಾಗ ಸರ್ಟಿಫಿಕೇಟ್ ಕೇಳಿ ತೆಗೆದುಕೊಳ್ಳಿ. ಕೊವ್ಯಾಕ್ಸಿನ್ ಆದರೆ 28 ದಿನಕ್ಕೆ, ಕೋವಿಶೀಲ್ಡ್ ಆದರೆ 84 ದಿನ ಕಳೆದ ಮೇಲೆ ಎರಡನೆಯದು ಅಂತ 2021ರ ಕೊನೆಗೆ ನಿಯಮ ಇತ್ತು. ಎರಡನೆಯ ಡೋಸನ್ನು ಬೇಕಾದರೆ ನಿಮಗಿಷ್ಟವಾದ ಆಸ್ಪತ್ರೆಯಲ್ಲಿ ಹಾಕಿಸಿ.

ಶುಗರ್, ಬಿಪಿ, ಟಿಬಿ, ಆಸ್ತಮಾ ಏನಾದರೂ ಇದ್ದರೆ ಚೀಟಿಗಳ ಜೆರಾಕ್ಸ್ ಎರಡು ಸೆಟ್ ಮಾಡಿಸಿ. ಒಂದು ಜೈಲಿನ ಡಾಕ್ಟರಿಗೆ, ಒಂದು ವಕೀಲರಿಗೆ. ಕಾಯಿಲೆ ಇರುವವರಿಗೆ ಬೇಲ್ ಕೊಡುವಾಗ ಅದನ್ನು ಪರಿಗಣಿಸೋಕೆ 2024ರ ಜೂನ್‌ವರೆಗೆ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 437ನೇ ಸೆಕ್ಷನ್‌ನಲ್ಲೇ ಅವಕಾಶ ಇತ್ತು. ಕೈದಿಗೆ ಹೊರಗಿನವರಿಗೆ ಸಿಗುವಂಥದ್ದೇ ಚಿಕಿತ್ಸೆ, ಅದೂ ಉಚಿತವಾಗಿ ಸಿಗಬೇಕು ಅಂತ ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳು ಹೇಳುತ್ತವೆ. ಹಾಗಾಗಿ ಕೇಳುವಾಗ ತಲೆ ತಗ್ಗಿಸಬೇಕಾಗಿಲ್ಲ. ನಾಚಿಕೆಯಿಂದ ನಾವು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ "ಹಾಕಿಸ್ಕೊಳ್ಳೋಕೆ ಹೇಳಮ್ಮ" ಅಂತ ಯಾರಾದರೂ ಅಂದಿರುತ್ತಿದ್ದರು, ಅಲ್ವಾ?

 ಶ್ಯೂರಿಟಿ ಕೊಡುವವರನ್ನು ಈಗಲೇ ಗೊತ್ತು ಮಾಡಿ, ಇಬ್ಬರು ಕೇಳಿದರೆ ಮೂವರನ್ನು ಇಟ್ಟುಕೊಳ್ಳಿ. ಪಹಣಿಯ ಹೆಸರೂ ಆಧಾರ್ ಹೆಸರೂ ಒಂದೇ ಇದೆಯಾ ನೋಡಿ. ವಕೀಲರ ಫೀಸು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಬಂಧನದಲ್ಲಿರುವ ಯಾರಿಗೇ ಆಗಲಿ ಅಲ್ಲಿ ವಕೀಲರು ಉಚಿತ, 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಇದೆಲ್ಲ ನಾಳೆಯಿಂದ ಮಾಡಿ. ತಮ್ಮನ ಫೋನ್ ಇವತ್ತೇ ಬಂದರೆ ಬೇರೆ ಮಾತು ಬೇಡ, ಪಟ್ಟಿಯಲ್ಲಿ ಹೆಸರು ಬರೆಸು ಅಂತ ಮೊದಲು ಹೇಳಿ.