ಕ್ಲಿನಿಕಲ್ ಟ್ರಯಲ್‌ಗೆ ಸ್ವಯಂಸೇವಕರಾಗಿ ಸೇರಿದರೆ ಏನೇನು ನಡೆಯುತ್ತದೆ?

ಹೊಸ ಔಷಧದ ಟ್ರಯಲ್‌ಗೆ ಆರೋಗ್ಯವಂತ ಸ್ವಯಂಸೇವಕರಾಗಿ ಸೇರುವ ಯೋಚನೆ ಇದೆ, ಅಲ್ಲಿ ಏನು ಮಾಡುತ್ತಾರೆ, ಎಷ್ಟು ರಕ್ತ ತೆಗೆಯುತ್ತಾರೆ, ಬೇಡ ಅನ್ನಿಸಿದರೆ ನಡುವೆ ಬಿಟ್ಟು ಬರಬಹುದೇ ಎಂದು ಕೇಳಿದ್ದೀರಿ. ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ಬರಬಹುದು, ಯಾವಾಗ ಬೇಕಾದರೂ, ಕಾರಣ ಹೇಳದೆಯೂ. ಆದರೆ ಔಷಧ ಮೈಯೊಳಗಿರುವಾಗ ಹೇಳದೆ ಕೇಳದೆ ಎದ್ದು ಹೋಗಬೇಡಿ. ಕೊನೆಯ ತಪಾಸಣೆಯೊಂದನ್ನು ಮಾಡಿಸಿಕೊಂಡೇ ಹೊರಡಿ.

ನೀವು ಸೇರುವುದು ಯಾವ ಹಂತಕ್ಕೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಮೊದಲ ಹಂತದಲ್ಲಿ ಸಾಮಾನ್ಯವಾಗಿ 20ರಿಂದ 100 ಜನ ಇರುತ್ತಾರೆ. ಎಷ್ಟು ಡೋಸ್‌ವರೆಗೆ ದೇಹ ತಡೆಯುತ್ತದೆ, ಔಷಧ ಎಷ್ಟು ಹೊತ್ತಿನಲ್ಲಿ ರಕ್ತ ಸೇರಿ ಎಷ್ಟು ಹೊತ್ತಿನಲ್ಲಿ ಹೊರಹೋಗುತ್ತದೆ ಎಂದು ನೋಡುವುದು ಇಲ್ಲೇ, ಅದಕ್ಕಾಗಿ ಕೇಂದ್ರದಲ್ಲೇ ಉಳಿಯಬೇಕಾಗುತ್ತದೆ. ಎರಡು ಮತ್ತು ಮೂರನೆಯ ಹಂತಗಳಿಗೆ ಹೆಚ್ಚಾಗಿ ಆ ಕಾಯಿಲೆ ಇರುವ ರೋಗಿಗಳೇ ಬೇಕು. ಈಗಾಗಲೇ ಮಾರುಕಟ್ಟೆಯಲ್ಲಿರುವ ಔಷಧದ ಜನರಿಕ್ ರೂಪವನ್ನು (ಅದೇ ಔಷಧವನ್ನು ಬೇರೆ ಕಂಪನಿ ತಯಾರಿಸಿದ್ದು) ಮೂಲದೊಂದಿಗೆ ಹೋಲಿಸುವ ಅಧ್ಯಯನಗಳೂ ಇವೆ. ಆ ಔಷಧದ ಗುಣದೋಷ ಮೊದಲೇ ಗೊತ್ತಿರುವುದರಿಂದ ಹೊಸಬರಿಗೆ ಅಲ್ಲಿಂದ ಆರಂಭಿಸುವುದೇ ಮೇಲು ಎನ್ನುವುದು ನನ್ನ ಅಭಿಪ್ರಾಯ.

ಒಪ್ಪಿಗೆ ಪತ್ರ ಉದ್ದವಿರುತ್ತದೆ, ಕೆಲವೊಮ್ಮೆ ಇಪ್ಪತ್ತು ಪುಟ ದಾಟುತ್ತದೆ. ಅಲ್ಲೇ ಕೂತು ಸಹಿ ಹಾಕಬೇಡಿ, ಮನೆಗೆ ಒಯ್ದು ಓದಿ. ಕೊಡುವುದಿಲ್ಲ ಎಂದರೆ ಆ ಕೇಂದ್ರವನ್ನೇ ಬಿಟ್ಟುಬಿಡಿ. ಓದುವಾಗ ಇವನ್ನು ಹುಡುಕಿ: ಈ ಔಷಧವನ್ನು ಮನುಷ್ಯರಿಗೆ ಕೊಡುತ್ತಿರುವುದು ಇದೇ ಮೊದಲೇ? ಇದುವರೆಗೆ ಕೊಟ್ಟ ಗರಿಷ್ಠ ಡೋಸ್ ಎಷ್ಟು, ಆಗ ಏನಾಯಿತು? ತೊಂದರೆಯಾದರೆ ಚಿಕಿತ್ಸೆಯ ಖರ್ಚು ಮತ್ತು ಪರಿಹಾರ ಯಾರದು? ಗರ್ಭಧಾರಣೆಯನ್ನು ಎಷ್ಟು ತಿಂಗಳು ತಡೆಯಬೇಕು? (ಈ ನಿಯಮ ಗಂಡಸರಿಗೂ ಇರಬಹುದು.) ಉಳಿದ ರಕ್ತವನ್ನು ವಂಶವಾಹಿ ಪರೀಕ್ಷೆಗೆ ಇಟ್ಟುಕೊಳ್ಳುತ್ತಾರೆಯೇ? ಬಿಟ್ಟುಹೋದವರ ಮಾಹಿತಿಯನ್ನು ಏನು ಮಾಡುತ್ತಾರೆ?

ಮೊದಲ ಸಲ ಮನುಷ್ಯರಿಗೆ ಕೊಡುವ ಔಷಧವಾದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಒಬ್ಬರಿಗೆ ಕೊಟ್ಟ ಮೇಲೆ ಮುಂದಿನವರಿಗೆ ಕೊಡಲು ಎಷ್ಟು ಹೊತ್ತು ಕಾಯುತ್ತೀರಿ? 2006ರಲ್ಲಿ ಲಂಡನ್‌ನಲ್ಲಿ ಟಿಜಿಎನ್1412 ಎಂಬ ಪ್ರತಿಕಾಯ ಔಷಧವನ್ನು ಆರು ಜನರಿಗೆ ಕೆಲವೇ ನಿಮಿಷಗಳ ಅಂತರದಲ್ಲಿ ಕೊಟ್ಟರು. ಮೊದಲನೆಯವರಲ್ಲಿ ಲಕ್ಷಣ ಕಾಣಿಸುವ ಹೊತ್ತಿಗೆ ಎಲ್ಲರಿಗೂ ಕೊಟ್ಟಾಗಿತ್ತು. ಆರೂ ಜನರ ಅಂಗಾಂಗಗಳು ಕೈಕೊಟ್ಟು ತೀವ್ರ ನಿಗಾ ಘಟಕ ಸೇರಿದರು, ಪ್ರಾಣ ಉಳಿಯಿತು. ಆಮೇಲೆ ಇಂಥ ಔಷಧಗಳಲ್ಲಿ ಮೊದಲು ಒಂದಿಬ್ಬರಿಗಷ್ಟೇ ಕೊಟ್ಟು, ಕಾದು ನೋಡಿ ಮುಂದುವರಿಯುವ ಪದ್ಧತಿ ಬಲವಾಯಿತು.

ನಂತರ ಸ್ಕ್ರೀನಿಂಗ್, ಅಂದರೆ ನೀವು ಟ್ರಯಲ್‌ಗೆ ತಕ್ಕವರೇ ಎಂದು ನೋಡುವ ತಪಾಸಣೆ. ರಕ್ತ, ಮೂತ್ರ, ಇಸಿಜಿ, ರಕ್ತದೊತ್ತಡ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಮಾದಕವಸ್ತು ಪರೀಕ್ಷೆ, ಮಹಿಳೆಯರಿಗೆ ಗರ್ಭ ಪರೀಕ್ಷೆ. ಗಟ್ಟಿಮುಟ್ಟಾದವರೂ ಇಲ್ಲಿ ಬಿದ್ದುಹೋಗುವುದುಂಟು. ಹಿಂದಿನ ದಿನಗಳಲ್ಲಿ ಜಿಮ್‌ನಲ್ಲಿ ಭಾರ ಎತ್ತಿದ್ದರೆ ಸ್ನಾಯುಗಳಿಂದ ಸಿಕೆ, ಎಎಸ್‌ಟಿ, ಎಎಲ್‌ಟಿ ಎಂಬ ಕಿಣ್ವಗಳು ರಕ್ತಕ್ಕೆ ಸೋರುತ್ತವೆ, ವರದಿಯಲ್ಲಿ ಯಕೃತ್ತು ಕೆಟ್ಟಂತೆ ಕಾಣುತ್ತದೆ. ಒಂದು ವಾರ ಮೊದಲೇ ಕಠಿಣ ವ್ಯಾಯಾಮ ನಿಲ್ಲಿಸಿ. ಗಸಗಸೆ ತಿಂದಿದ್ದರೆ ಅಫೀಮಿನ ಪರೀಕ್ಷೆ ಪಾಸಿಟಿವ್ ಬರಬಹುದು. ನೀರು ಸರಿಯಾಗಿ ಕುಡಿಯದಿದ್ದರೆ ರಕ್ತನಾಳ ಸಿಗುವುದಿಲ್ಲ. ಗಿಡಮೂಲಿಕೆ, ವಿಟಮಿನ್ ಮಾತ್ರೆಯನ್ನೂ ಮುಚ್ಚಿಡಬೇಡಿ.

ಡೋಸ್ ದಿನದ ದಿನಚರಿ ಗಡಿಯಾರ ಹಿಡಿದೇ ನಡೆಯುತ್ತದೆ. ಖಾಲಿ ಹೊಟ್ಟೆಯ ಅಧ್ಯಯನವಾದರೆ ಹಿಂದಿನ ರಾತ್ರಿಯಿಂದ ಕನಿಷ್ಠ 10 ಗಂಟೆ ಉಪವಾಸ, ಬೆಳಿಗ್ಗೆ ಸುಮಾರು 240 ಮಿ.ಲೀ. ನೀರಿನೊಂದಿಗೆ ಮಾತ್ರೆ, ನುಂಗಿದಿರೋ ಇಲ್ಲವೋ ಎಂದು ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡುತ್ತಾರೆ. ಮಾತ್ರೆಗೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಬೇರೆ ನೀರಿಲ್ಲ, ನುಂಗಿದ ಮೇಲೆ ನಾಲ್ಕು ಗಂಟೆ ಊಟವಿಲ್ಲ. ಗ್ರೇಪ್‌ಫ್ರೂಟ್ ರಸ ದಿನಗಳ ಮೊದಲೇ ನಿಷಿದ್ಧ, ಏಕೆಂದರೆ ಅನೇಕ ಔಷಧಗಳನ್ನು ಒಡೆಯುವ ಕರುಳಿನ ಕಿಣ್ವವೊಂದನ್ನು ಅದು ತಡೆಯುತ್ತದೆ, ಔಷಧ ರಕ್ತದಲ್ಲಿ ಲೆಕ್ಕಕ್ಕಿಂತ ಹೆಚ್ಚಾಗುತ್ತದೆ.

ರಕ್ತವನ್ನು ಮೊದಲ ಗಂಟೆಗಳಲ್ಲಿ ಅರ್ಧ ಗಂಟೆಗೊಮ್ಮೆ, ಕೆಲವೊಮ್ಮೆ ಕಾಲು ಗಂಟೆಗೊಮ್ಮೆ ತೆಗೆಯುತ್ತಾರೆ, ಆಮೇಲೆ ಅಂತರ ಹೆಚ್ಚುತ್ತದೆ. ದಿನಕ್ಕೆ 15ರಿಂದ 20 ಸಲ ಆಗುವುದು ಅಪರೂಪವಲ್ಲ. ಪ್ರತಿ ಸಲಕ್ಕೆ 5 ಮಿ.ಲೀ. ಎಂದಿಟ್ಟುಕೊಂಡರೆ 20 ಸಲಕ್ಕೆ 100 ಮಿ.ಲೀ. ಎರಡು ಸುತ್ತು ಇದ್ದರೆ 200, ಮೇಲೆ ತಪಾಸಣೆಗಳದ್ದು ಬೇರೆ. ಒಮ್ಮೆ ರಕ್ತದಾನ ಮಾಡಿದರೆ ಹೋಗುವುದು 350ರಿಂದ 450 ಮಿ.ಲೀ. ಹಾಗಾಗಿ ಒಟ್ಟು ಪ್ರಮಾಣ ಹೆದರುವಂಥದ್ದಲ್ಲ, ಬೇಸರ ಬರುವುದು ಸೂಜಿಯಿಂದ. ಕೈಗೆ ಕ್ಯಾನುಲಾ (ರಕ್ತನಾಳದಲ್ಲೇ ಉಳಿಯುವ ತೆಳು ಕೊಳವೆ) ಕೂರಿಸಿದರೆ ಪ್ರತಿ ಸಲ ಚುಚ್ಚುವುದು ತಪ್ಪುತ್ತದೆ, ಆದರೆ ಅದು ಕಟ್ಟಿಕೊಳ್ಳುವುದೂ ಇದೆ. ಆಗ ಮತ್ತೆ ಚುಚ್ಚಲೇಬೇಕು.

ನೀವು ಅಲ್ಲಿಗೆ ಹೋಗಿರುವುದು ಚಿಕಿತ್ಸೆಗಲ್ಲ, ಮಾಹಿತಿ ಕೊಡುವುದಕ್ಕೆ. ಸಣ್ಣ ತಲೆನೋವು, ವಿಚಿತ್ರ ಕನಸು, ಬಾಯಿ ಒಣಗುವುದು, ಎಲ್ಲವನ್ನೂ ಗಂಟೆ ಸಮೇತ ಹೇಳಿ. ಹೇಳಿದರೆ ಟ್ರಯಲ್‌ನಿಂದ ತೆಗೆದು ಹಣ ಕೊಡುವುದಿಲ್ಲವೇನೋ ಎಂದು ಹಲವರು ಬಾಯಿ ಮುಚ್ಚಿಕೊಂಡಿರುತ್ತಾರೆ. ಅಡ್ಡಪರಿಣಾಮದಿಂದ ವೈದ್ಯರೇ ನಿಲ್ಲಿಸಿದರೆ ಮತ್ತು ನೀವಾಗಿಯೇ ಬಿಟ್ಟರೆ ಎಷ್ಟೆಷ್ಟು ಹಣ ಎಂಬುದನ್ನು ಸಹಿಗೆ ಮೊದಲೇ ಬರವಣಿಗೆಯಲ್ಲಿ ನೋಡಿಕೊಳ್ಳಿ. ಇಡೀ ಮೊತ್ತ ಕೊನೆಯ ಭೇಟಿಗೇ ಎಂದಿದ್ದರೆ ಅನುಮಾನಪಡಿ, ಭಾಗವಹಿಸಿದ ದಿನಗಳ ಲೆಕ್ಕದಲ್ಲಿ ಕೊಡುವುದೇ ಸರಿಯಾದ ಕ್ರಮ.

ಪ್ಲಸೀಬೊ (ಔಷಧವಿಲ್ಲದ, ನೋಡಲು ಅದರಂತೆಯೇ ಇರುವ ಮಾತ್ರೆ) ಬಂದಿದೆಯೋ ಔಷಧವೋ ಎಂದು ನಿಮಗಷ್ಟೇ ಅಲ್ಲ, ಹೆಚ್ಚಾಗಿ ವೈದ್ಯರಿಗೂ ಗೊತ್ತಿರುವುದಿಲ್ಲ. ತುರ್ತಾದರೆ ಗುಟ್ಟು ಒಡೆಯುವ ವ್ಯವಸ್ಥೆ ಇರಬೇಕು. ಟ್ರಯಲ್‌ನ ಹೆಸರು ಮತ್ತು 24 ಗಂಟೆಯ ಫೋನ್ ಸಂಖ್ಯೆ ಇರುವ ಕಾರ್ಡ್ ಕೇಳಿ ಪಡೆದು ಸದಾ ಜೇಬಿನಲ್ಲಿಟ್ಟುಕೊಳ್ಳಿ.

ಏಕಕಾಲಕ್ಕೆ ಎರಡು ಟ್ರಯಲ್‌ಗೆ ಸೇರುವುದು ಮಾತ್ರ ಬೇಡವೇ ಬೇಡ. ಎರಡು ಔಷಧಗಳು ಕೂಡಿದರೆ ಏನಾಗುತ್ತದೆಂದು ಯಾರೂ ಪರೀಕ್ಷಿಸಿರುವುದಿಲ್ಲ. ಒಂದು ಮುಗಿದ ಮೇಲೆ ಮತ್ತೊಂದಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳ ಅಂತರ ಕೇಳುತ್ತಾರೆ, ರಕ್ತದಾನಕ್ಕೂ ಅಷ್ಟೇ ಕಾಯಬೇಕಾಗಬಹುದು. ನಿಮ್ಮ ಅಧ್ಯಯನದ ನಂತರ ಎಷ್ಟು ಕಾಯಬೇಕು ಎಂದು ಕೊನೆಯ ಭೇಟಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.